ಕಿವಿಗೆ ಬಂದ ಜೀವವಿಜ್ಞಾನ: ಕನ್ನಡದ ಆರೋಗ್ಯ ಕಿರುವಿಡಿಯೊಗಳ ಭಾಷೆ

ಕನ್ನಡದ ವಿಜ್ಞಾನ ಸಾಹಿತ್ಯವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಮುದ್ರಿತ ಕೃತಿಗಳನ್ನೇ ಅವಲಂಬಿಸಿ ನಡೆದಿವೆ. ಪುಸ್ತಕ, ಪತ್ರಿಕೆ, ವಿಶ್ವಕೋಶ, ಪಠ್ಯ ಇವಿಷ್ಟರ ಆಚೆಗೆ ವಿಜ್ಞಾನವನ್ನು ಹೇಳುವ ಕನ್ನಡವೊಂದು ಇದೆ ಎಂಬುದನ್ನು ವಿದ್ವಾಂಸರು ಅಷ್ಟಾಗಿ ಗಮನಿಸಿಲ್ಲ. ಇಂದು ತುಮಕೂರಿನ ಸದಾಶಿವನಗರದಂಥ ಬಡಾವಣೆಯಲ್ಲಾಗಲಿ, ಗುಬ್ಬಿ ಕುಣಿಗಲ್ಲುಗಳ ಹಳ್ಳಿಗಳಲ್ಲಾಗಲಿ ಮಿದುಳು, ಹೃದಯ, ಸಕ್ಕರೆ ಕಾಯಿಲೆ, ರೋಗನಿರೋಧಕ ಶಕ್ತಿ ಮೊದಲಾದ ವಿಷಯಗಳು ಜನರನ್ನು ತಲುಪುವುದು ಪುಸ್ತಕಕ್ಕಿಂತ ಹೆಚ್ಚಾಗಿ ಮೊಬೈಲಿನ ಕಿರುವಿಡಿಯೊಗಳ ಮೂಲಕ. ಈ ಪ್ರಕಾರ ಬೆಳೆದದ್ದು ಬಹು ಬೇಗ. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕನ್ನು ನಿಷೇಧಿಸಿತು. ಮರುತಿಂಗಳು ಇನ್‌ಸ್ಟಾಗ್ರಾಮಿನ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬಿನ ಶಾರ್ಟ್ಸ್ ಈ ದೇಶದಲ್ಲಿ ಆರಂಭವಾದವು. ಶಾರ್ಟ್ಸ್‌ನ ಹಿಂದಿನ ಮಿತಿ 60 ಸೆಕೆಂಡು. 2024ರ ಅಕ್ಟೋಬರಿನಲ್ಲಿ ಅದು 3 ನಿಮಿಷಕ್ಕೆ ವಿಸ್ತರಿಸಿತು. ಅದೇ 2020ರ ಜುಲೈ 20ರಿಂದ ದೂರದರ್ಶನ ಚಂದನದಲ್ಲಿ ಪ್ರೌಢಶಾಲೆಯ ಮಕ್ಕಳಿಗಾಗಿ 'ಸಂವೇದ' ಪಾಠಗಳು ಪ್ರಸಾರಗೊಂಡು, ಬಳಿಕ ಅಂತರ್ಜಾಲದಲ್ಲಿಯೂ ದೊರೆಯುವಂತಾದವು. ಶಾಲೆ ಮುಚ್ಚಿದ್ದ ಆ ದಿನಗಳಲ್ಲಿ ಮಕ್ಕಳು ಪಾಠವನ್ನೂ ಮನೆಯ ಹಿರಿಯರು ವೈದ್ಯರ ಮಾತನ್ನೂ ಒಂದೇ ಪರದೆಯ ಮೇಲೆ ಕೇಳಿದರು.

ಈ ವಿಡಿಯೊಗಳ ಮಾಹಿತಿ ಸರಿಯೋ ತಪ್ಪೋ ಎಂಬುದನ್ನು ನಿರ್ಧರಿಸಬೇಕಾದವರು ವೈದ್ಯರು. ಕನ್ನಡ ಅಧ್ಯಯನದ ಪಾಲಿಗೆ ಉಳಿಯುವ ಪ್ರಶ್ನೆ ಬೇರೆ: ಸರಿಯಾದ ಮಾಹಿತಿಯೂ ಕೇಳುಗನ ಮನಸ್ಸನ್ನು ಸರಿಯಾಗಿ ಮುಟ್ಟುವಂತೆ ಇಲ್ಲಿನ ಕನ್ನಡ ಇದೆಯೆ? ಕಣ್ಣಿಗಾಗಿ ಕಟ್ಟಿದ ಪರಿಭಾಷೆಯನ್ನೂ ಇಂಗ್ಲಿಷಿನ ಅಳತೆಗೆ ಹೊಲಿದ ವಾಕ್ಯವನ್ನೂ ಕಿರುವಿಡಿಯೊ ಹಾಗೆಯೇ ಎತ್ತಿಕೊಂಡು ಕಿವಿಗೆ ಒಪ್ಪಿಸುತ್ತಿದೆ. ತೊಡಕು ಇರುವುದು ಅಲ್ಲಿಯೇ.

ಕಿರಿದರಲ್ಲಿ ವೈದ್ಯ

ವೈದ್ಯವನ್ನು ಕಿರಿದರಲ್ಲಿ ಹೇಳುವುದು ಕನ್ನಡಕ್ಕೆ ಹೊಸತಲ್ಲ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದನ ಕೃತಿಯನ್ನು 'ಕರ್ಣಾಟಕ ಕಲ್ಯಾಣಕಾರಕ'ವಾಗಿ ತಂದನು. 14ನೆಯ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ' ವಿಷ ಮತ್ತು ವಿಷಹರಣವನ್ನು ಪದ್ಯದಲ್ಲಿ ನಿರೂಪಿಸುತ್ತದೆ. ಶಾಸ್ತ್ರವನ್ನು ಹೇಳಲು ಕನ್ನಡ ಕವಿಗಳು ಮತ್ತೆ ಮತ್ತೆ ಆಯ್ದುಕೊಂಡ ಕಂದಪದ್ಯಕ್ಕೆ ಇರುವುದು ನಾಲ್ಕು ಸಾಲು, 64 ಮಾತ್ರೆ. (ಔಷಧದ ಗುಳಿಗೆಗೂ ಛಂದಸ್ಸಿನ ಅಳತೆಗೂ ಕನ್ನಡದಲ್ಲಿ ಮಾತ್ರೆ ಎಂಬ ಒಂದೇ ಹೆಸರು ನಿಂತಿರುವುದು ಇಲ್ಲಿ ನೆನಪಾದರೆ ಆಶ್ಚರ್ಯವಿಲ್ಲ.) ಕಂದದ ಕಿರಿದುತನಕ್ಕೂ ಕಿರುವಿಡಿಯೊದ ಕಿರಿದುತನಕ್ಕೂ ಇರುವ ವ್ಯತ್ಯಾಸ ಮುಖ್ಯವಾದುದು. ಕಂದ ಕಿರಿದಾಗಿರುವುದು ಬಾಯಿಪಾಠವಾಗಲೆಂದು; ದ್ವಿತೀಯಾಕ್ಷರ ಪ್ರಾಸ ಅದರ ಸಾಲುಗಳನ್ನು ನೆನಪಿನಲ್ಲಿ ಕಟ್ಟಿಡುತ್ತದೆ. ವಿಡಿಯೊ ಕಿರಿದಾಗಿರುವುದು ನೋಡುಗನು ಮುಂದಿನದಕ್ಕೆ ಜಾರಿಬಿಡದಿರಲೆಂದು. ನೆನಪಿನಲ್ಲಿ ಉಳಿಯುವ ಉಪಾಯವಾವುದೂ ಅದರ ರಚನೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಆಧುನಿಕ ಕಾಲದ ಜೀವವಿಜ್ಞಾನ ಬರವಣಿಗೆಯ ಆರಂಭದಲ್ಲಿ ತುಮಕೂರು ಜಿಲ್ಲೆಯ ಹೆಸರೊಂದು ನಿಲ್ಲುತ್ತದೆ. ಬೆಳ್ಳಾವೆ ವೆಂಕಟನಾರಣಪ್ಪನವರು (1872-1943) ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸಿದವರು. 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಕೂಡಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರತಂದರು. ಪತ್ರಿಕೆ ಬಹುಕಾಲ ಬಾಳಲಿಲ್ಲ. ಆದರೆ ಬೆಳ್ಳಾವೆಯವರು ಬಿಡಲಿಲ್ಲ, 1930ರ ದಶಕದ ಕೊನೆಯಲ್ಲಿ 'ಜೀವವಿಜ್ಞಾನ' ಎಂಬ ಗ್ರಂಥವನ್ನೇ ಕೊಟ್ಟರು. 1931ರಲ್ಲಿ ಸಾಹಿತ್ಯ ಪರಿಷತ್ತಿನಿಂದ ಹೊರಬಂದ ಪಂಪಭಾರತದ ಸಂಪಾದಕರೂ 1937ರ ಜಮಖಂಡಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಇವರೇ ಎಂಬುದು ಕೇವಲ ಜೀವನಚರಿತ್ರೆಯ ವಿವರವಲ್ಲ. ಹಳಗನ್ನಡದ ಪದಸಂಪತ್ತನ್ನು ಬಲ್ಲ ಕೈಯೇ ಜೀವಕೋಶವನ್ನೂ ವರ್ಣಿಸಿತು. ಶಿವರಾಮ ಕಾರಂತರ 'ಬಾಲಪ್ರಪಂಚ' (1936) ಮತ್ತು 'ವಿಜ್ಞಾನ ಪ್ರಪಂಚ', ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು', ಅನುಪಮಾ ನಿರಂಜನರ 'ತಾಯಿ ಮಗು', ಮನೋವೈದ್ಯ ಸಿ.ಆರ್. ಚಂದ್ರಶೇಖರರ ಅಸಂಖ್ಯ ಪುಸ್ತಿಕೆಗಳು ಈ ಪರಂಪರೆಯನ್ನು ಬೇರೆ ಬೇರೆ ದಿಕ್ಕಿಗೆ ಬೆಳೆಸಿದವು. ಇವರೆಲ್ಲರಲ್ಲಿಯೂ ಸಮಾನವಾದ ಒಂದು ಅಂಶವಿದೆ. ವಿಷಯ ಎಲ್ಲಿಂದ ಬಂದಿದ್ದರೂ ವಾಕ್ಯವನ್ನು ಅವರು ಕನ್ನಡದಲ್ಲಿಯೇ ಆಲೋಚಿಸಿ ಬರೆದರು. ಆದರೆ ಅವರು ಬರೆದದ್ದು ಓದುಗನಿಗೆ. ಅರ್ಥವಾಗದಿದ್ದರೆ ಅವನು ಹಿಂದಿನ ಪುಟಕ್ಕೆ ಹೋಗಬಲ್ಲವನಾಗಿದ್ದ.

ಪದವೂ ಕಿವಿಯೂ

ಪಠ್ಯಪುಸ್ತಕಗಳಲ್ಲಿ ನೆಲೆನಿಂತಿರುವ ಅಪಧಮನಿ, ಅಭಿಧಮನಿ ಎಂಬ ಜೋಡಿಯನ್ನು ನೋಡಬಹುದು. ಹೃದಯದಿಂದ ರಕ್ತವನ್ನು ಒಯ್ಯುವುದು ಅಪಧಮನಿ, ಹೃದಯಕ್ಕೆ ಮರಳಿ ತರುವುದು ಅಭಿಧಮನಿ. ಅಪ ಎಂದರೆ ಆಚೆಗೆ, ಅಭಿ ಎಂದರೆ ಕಡೆಗೆ ಎಂದು ಸಂಸ್ಕೃತ ಬಲ್ಲವರಿಗೆ ಇದು ಬಹು ಸುಂದರವಾದ ರಚನೆ. ಮುದ್ರಿತ ಪುಟದಲ್ಲಿ 'ಪ', 'ಭಿ' ಎಂಬ ಎರಡು ಅಕ್ಷರಗಳ ವ್ಯತ್ಯಾಸ ಕಣ್ಣಿಗೆ ಸ್ಪಷ್ಟ. ಇದೇ ಜೋಡಿ ಅರುವತ್ತು ಸೆಕೆಂಡಿನ ನಿರೂಪಣೆಯಲ್ಲಿ ಓಡುತ್ತ ಬಂದರೆ ಏನಾಗುತ್ತದೆ? ತುಮಕೂರು ಸೀಮೆಯ ಆಡುಮಾತಿನಲ್ಲಿ ಮಹಾಪ್ರಾಣ ಉಳಿದಿಲ್ಲ. ಅಭಿ ಎಂಬುದು ಅಬಿ ಆಗುತ್ತದೆ. ಅಪ-ಅಬಿಗಳ ಅಂತರವನ್ನು ಮೊಬೈಲಿನ ಸಣ್ಣ ಸ್ಪೀಕರು ನುಂಗಿಬಿಡುತ್ತದೆ. ಒಂದಕ್ಕೊಂದು ವಿರುದ್ಧವಾದ ಎರಡು ವಸ್ತುಗಳು ಕಿವಿಗೆ ಒಂದೇ ಆಗುತ್ತವೆ. ಮಹಾಪ್ರಾಣಗಳನ್ನು ಕುರಿತು ಡಿ.ಎನ್. ಶಂಕರ ಭಟ್ಟರು ಎತ್ತಿದ ವಾದವನ್ನು ಪೂರ್ಣವಾಗಿ ಒಪ್ಪದವರೂ ಈ ಒಂದು ಎಡೆಯಲ್ಲಿ ಅದರ ತೂಕವನ್ನು ಅಲ್ಲಗಳೆಯಲಾರರು.

ಇದಕ್ಕೆ ಎದುರಾಗಿ ಅದೇ ಪಠ್ಯಗಳಲ್ಲಿ ಬರುವ ಮುಮ್ಮೆದುಳು, ಹಿಮ್ಮೆದುಳು, ಮೆದುಳುಬಳ್ಳಿ ಎಂಬ ಪದಗಳನ್ನು ಇಟ್ಟು ನೋಡಬೇಕು. ಮುಂಗೈ, ಹಿಮ್ಮಡಿಗಳನ್ನು ಬಲ್ಲ ಯಾವ ಮಗುವಿಗೂ ಮುಮ್ಮೆದುಳು ಎಲ್ಲಿದೆ ಎಂದು ಹೇಳಿಕೊಡಬೇಕಾಗಿಲ್ಲ. ಮೆದುಳುಬಳ್ಳಿಯಂತೂ ಚಿತ್ರವನ್ನೇ ಹೊತ್ತುಕೊಂಡ ಪದ. ತಲೆಯಿಂದ ಇಳಿದ ಬಳ್ಳಿ, ಅದರಿಂದ ಕವಲೊಡೆದ ನರಗಳು. ವಿಡಿಯೊದ ಚಿತ್ರಕಾರನಿಗೆ ಇದಕ್ಕಿಂತ ಒಳ್ಳೆಯ ಸೂಚನೆ ದೊರೆಯಲಾರದು. ಹೀಗಿದ್ದೂ ಅನೇಕ ನಿರೂಪಕರು ಇವನ್ನು ಬಿಟ್ಟು ಸೆರೆಬ್ರಂ, ಸ್ಪೈನಲ್ ಕಾರ್ಡ್ ಎಂದೇ ಮುಂದುವರಿಯುತ್ತಾರೆ. ವೈದ್ಯಪದಗಳ ರಚನೆಯನ್ನು ಕುರಿತು ಡಾ. ಡಿ.ಎಸ್. ಶಿವಪ್ಪನವರಂಥವರು ಮಾಡಿದ ದೊಡ್ಡ ಕೆಲಸ ವಿಡಿಯೊ ತಯಾರಿಸುವವರ ಮೇಜನ್ನು ತಲುಪಿಲ್ಲವೆಂದೇ ಹೇಳಬೇಕು. ಬಿಪಿ, ಶುಗರ್, ಸ್ಕ್ಯಾನ್ ಇವು ಜನರ ಬಾಯಲ್ಲಿ ಕನ್ನಡವೇ ಆಗಿವೆ. ಅವನ್ನು ರಕ್ತದೊತ್ತಡ, ಮಧುಮೇಹ ಎಂದು ತಿದ್ದಿ ಹೇಳಿದರೆ ಲಾಭವೇನೂ ಇಲ್ಲ. ಇಂಗ್ಲಿಷ್ ಪದ ಬರಬಾರದೆಂಬುದು ಇಲ್ಲಿನ ವಾದವಲ್ಲ. ಕೇಳಿದ ಕೂಡಲೆ ವಸ್ತುವನ್ನು ಕಾಣಿಸುವ ಪದ ಕೈಯಲ್ಲಿರುವಾಗ ಅದನ್ನು ಬಿಡುವುದಕ್ಕೆ ಕಾರಣವಿಲ್ಲ ಎಂಬುದಷ್ಟೆ.

ಎಲ್ಲಕ್ಕಿಂತ ತೊಡಕಿನ ಪದ 'ನರ'. ತಮಿಳಿನ ನರಂಬು ಮೊದಲಾದ ದ್ರಾವಿಡ ಜ್ಞಾತಿಪದಗಳಲ್ಲಿ ಇರುವಂತೆ ಕನ್ನಡದ ನರಕ್ಕೂ ಸ್ನಾಯುವಿನ ಹುರಿ, ರಕ್ತನಾಳ, ಸಂವೇದನೆಯ ತಂತು ಎಂಬ ಮೂರೂ ಅರ್ಥಗಳಿವೆ. ಆಸ್ಪತ್ರೆಯಲ್ಲಿ ಡ್ರಿಪ್ಸ್ ಹಾಕುವಾಗ "ನರ ಸಿಗುತ್ತಿಲ್ಲ" ಎನ್ನುತ್ತಾರೆ. ಅಲ್ಲಿ ನರವೆಂದರೆ ರಕ್ತನಾಳ. ಕಾಲು ಹಿಡಿದುಕೊಂಡಾಗ "ನರ ಸೆಟೆದುಕೊಂಡಿದೆ" ಎನ್ನುತ್ತಾರೆ, ಅದು ಸ್ನಾಯು. ಬಸ್ ನಿಲ್ದಾಣದ ಗೋಡೆಯ ಮೇಲಿನ 'ನರದೌರ್ಬಲ್ಯ' ಇವೆರಡೂ ಅಲ್ಲದ ಇನ್ನೊಂದು ಗುಟ್ಟಿನ ಅರ್ಥದಲ್ಲಿ ಬದುಕಿದೆ. ವಿಜ್ಞಾನ ಲೇಖಕರು ನರವನ್ನು ಮಿದುಳಿನ ತಂತುಗಳಿಗೆ ಮೀಸಲಿಟ್ಟು ನರಕೋಶ, ನರಮಂಡಲ ಎಂದು ಕಟ್ಟಿದರು. ಪುಸ್ತಕದಲ್ಲಿ ಮೊದಲ ಬಾರಿಗೆ ಪದ ಬಂದಾಗಲೇ ಅದರ ಅರ್ಥವನ್ನು ಗೊತ್ತುಮಾಡಲು ಎಡೆಯಿದೆ. ವಿಡಿಯೊದಲ್ಲಿ ಅಂಥ ಎಡೆ ಇಲ್ಲ. "ಸಕ್ಕರೆ ಕಾಯಿಲೆಯಿಂದ ಕಾಲಿನ ನರಗಳು ಹಾಳಾಗುತ್ತವೆ" ಎಂಬ ವಾಕ್ಯವನ್ನು ಕೇಳಿದವರು ಕಾಲಿನ ಮೇಲೆ ಉಬ್ಬಿ ಕಾಣುವ ನೀಲಿ ಗೆರೆಗಳನ್ನು ನೋಡಿಕೊಂಡು, ಅವು ಸರಿಯಾಗಿವೆಯೆಂದು ಸಮಾಧಾನಪಟ್ಟರೆ ತಪ್ಪು ಯಾರದು? ಕಾಯಿಲೆ ಕೆಡಿಸುವುದು ಸ್ಪರ್ಶವನ್ನು ತಿಳಿಸುವ ತಂತುಗಳನ್ನು. ಮುಳ್ಳು ಚುಚ್ಚಿದ್ದು ತಿಳಿಯದೆ ಗಾಯ ಹುಣ್ಣಾಗುವುದು ಅದರಿಂದ. "ಮುಟ್ಟಿದ್ದನ್ನು ತಿಳಿಸುವ ನರ" ಎಂದು ಎರಡು ಪದ ಸೇರಿಸಿದರೆ ಸಾಕು, ಗೊಂದಲ ತಪ್ಪುತ್ತದೆ.

ಮಿದುಳು, ಮೆದುಳು ಎಂಬ ಎರಡು ರೂಪಗಳ ಸಮಸ್ಯೆ ಇದರಷ್ಟು ದೊಡ್ಡದಲ್ಲ. ಆದರೂ ಹುಡುಕುವ ಯಂತ್ರಕ್ಕೆ ಅಕ್ಷರವೇ ಪ್ರಮಾಣವಾಗಿರುವುದರಿಂದ ವಿಡಿಯೊದ ಶೀರ್ಷಿಕೆಯಲ್ಲಿ ಒಂದು ರೂಪವನ್ನೂ ವಿವರಣೆಯಲ್ಲಿ ಇನ್ನೊಂದನ್ನೂ ಇಡುವುದು ಜಾಣತನ.

ವಾಕ್ಯವೂ ಚಿತ್ರವೂ

ಇಂಗ್ಲಿಷ್ ವಾಕ್ಯದಲ್ಲಿ ಕರ್ತೃವಿನ ಬೆನ್ನಿಗೇ ಕ್ರಿಯಾಪದ ಬರುತ್ತದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ. ಇಂಗ್ಲಿಷ್ ನಿರೂಪಣೆಗೆ ಹೊಂದಿಸಿದ ಚಿತ್ರಗಳ ಮೇಲೆ ಕನ್ನಡ ಧ್ವನಿಯನ್ನು ಕೂರಿಸಿದಾಗ, ಹೃದಯ ರಕ್ತವನ್ನು ತಳ್ಳುವ ಚಿತ್ರ ಬಂದು ಹೋದ ಮೇಲೆ 'ತಳ್ಳುತ್ತದೆ' ಎಂಬ ಪದ ಕೇಳಿಸುತ್ತದೆ. ಅಷ್ಟರಲ್ಲಿ ಪರದೆಯ ಮೇಲೆ ಶ್ವಾಸಕೋಶ ಬಂದಿರುತ್ತದೆ. ಕನ್ನಡ ಪದಗಳು ಉದ್ದವಾಗಿರುವುದರಿಂದ ನಿರೂಪಕ ಓಡಬೇಕಾಗುತ್ತದೆ. ಇದರ ಜೊತೆಗೆ 'ಲ್ಪಡು' ಸೇರಿದರೆ ಮುಗಿಯಿತು. ಉದಾಹರಣೆಗೆ ಇಂಥ ವಾಕ್ಯ: "ಹೃದಯದ ಬಲಭಾಗದಿಂದ ಪಂಪ್ ಮಾಡಲ್ಪಟ್ಟ ರಕ್ತವು ಆಮ್ಲಜನಕವನ್ನು ಪಡೆದುಕೊಳ್ಳುವುದಕ್ಕಾಗಿ ಶ್ವಾಸಕೋಶಗಳಿಗೆ ಸಾಗಿಸಲ್ಪಡುತ್ತದೆ." ವ್ಯಾಕರಣ ತಪ್ಪಿಲ್ಲ, ಆದರೆ ಯಾರೂ ಹೀಗೆ ಮಾತನಾಡುವುದಿಲ್ಲ.

ಕ್ರಮವಾಗಿ ನಡೆಯುವ ವ್ಯಾಪಾರವನ್ನು ಹೇಳಲು ಕನ್ನಡಕ್ಕೆ ತನ್ನದೇ ಆದ ಸಾಧನವಿದೆ. ಅದು ಭೂತನ್ಯೂನ. "ಮೈಯೆಲ್ಲ ಸುತ್ತಿದ ರಕ್ತ ಹೃದಯದ ಬಲಕ್ಕೆ ಬಂದು, ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ, ಆಮ್ಲಜನಕ ತುಂಬಿಕೊಂಡು, ಹೃದಯದ ಎಡಕ್ಕೆ ಮರಳಿ, ಮತ್ತೆ ಮೈಗೆಲ್ಲ ಹರಿಯುತ್ತದೆ." ಬಂದು, ಹೋಗಿ, ತುಂಬಿಕೊಂಡು, ಮರಳಿ: ಒಂದೊಂದು ನ್ಯೂನಕ್ಕೆ ಒಂದೊಂದು ಚಿತ್ರ. ವಾಕ್ಯ ಎಷ್ಟೇ ಉದ್ದವಾದರೂ ಕಿವಿಗೆ ದಣಿವಿಲ್ಲ, ಏಕೆಂದರೆ ಪ್ರತಿ ಹೆಜ್ಜೆಯಲ್ಲೂ ಕ್ರಿಯೆ ದೊರೆಯುತ್ತಿರುತ್ತದೆ. ಅಜ್ಜಿಕತೆ ಸಾಗುವುದೂ, ಅಡುಗೆಯ ವಿಧಾನ ಹೇಳುವುದೂ ಇದೇ ನಡಿಗೆಯಲ್ಲಿ. ಜೀರ್ಣಕ್ರಿಯೆ, ರಕ್ತಪರಿಚಲನೆ, ನರದ ಸಂದೇಶ ಮುಂತಾದ ವಿಷಯಗಳಿಗೆ ಇದಕ್ಕಿಂತ ಹೊಂದುವ ರಚನೆ ಕಾಣದು. ಚಿತ್ರವನ್ನು ಮೊದಲು ಮಾಡಿ ಮಾತನ್ನು ಆಮೇಲೆ ಅಂಟಿಸುವ ಕ್ರಮ ಬಿಟ್ಟು, ಕನ್ನಡ ವಾಕ್ಯವನ್ನು ಮೊದಲು ಬರೆದು ಅದರ ನ್ಯೂನಗಳಿಗೆ ಚಿತ್ರ ಹೊಂದಿಸಿದರೆ ಮಾತೂ ಚಿತ್ರವೂ ಜೊತೆಯಾಗಿ ನಡೆಯುತ್ತವೆ.

ಆದರೆ ಇದೇ ರಚನೆಯಲ್ಲಿ ಅಪಾಯವೂ ಇದೆ. ಭೂತನ್ಯೂನ ಕಾಲದ ಹಿಂದುಮುಂದನ್ನು ಹೇಳುತ್ತದೆ, ಕಾರಣವನ್ನೂ ಸೂಚಿಸುತ್ತದೆ, ಎರಡನ್ನೂ ಬೇರ್ಪಡಿಸುವುದಿಲ್ಲ. "ಮಳೆ ಬಂದು ಕೆರೆ ತುಂಬಿತು" ಎಂಬಲ್ಲಿ ಮಳೆ ಕಾರಣ. "ಕಷಾಯ ಕುಡಿದು ಜ್ವರ ಬಿಟ್ಟಿತು" ಎಂಬಲ್ಲಿ? ಜ್ವರ ತಾನಾಗಿಯೇ ಬಿಟ್ಟಿರಬಹುದು. ವಾಕ್ಯ ಮಾತ್ರ ಕಷಾಯಕ್ಕೆ ಕೀರ್ತಿ ಕೊಡುತ್ತದೆ. ಕೋವಿಡ್ ಕಾಲದಲ್ಲಿ ಹರಡಿದ ಮನೆಮದ್ದಿನ ವಿಡಿಯೊಗಳ ಬಲ ಬಹುಪಾಲು ಈ ವಾಕ್ಯರಚನೆಯಲ್ಲಿಯೇ ಇತ್ತು. ಎಲ್ಲಿಯೂ ನೇರವಾಗಿ ಸುಳ್ಳು ಹೇಳದೆ, ಒಂದರ ಬೆನ್ನಿಗೆ ಇನ್ನೊಂದನ್ನು ಇಟ್ಟು ಅವು ಮುಗಿಸುತ್ತಿದ್ದವು. 'ಕುಡಿದು' ಎಂಬುದನ್ನು 'ಕುಡಿದ ಮೇಲೆ' ಎಂದು ಬದಲಿಸಿದರೆ ಕಾರಣದ ನೆರಳು ತೆಳುವಾಗುತ್ತದೆ. ವ್ಯಾಕರಣ ಪಾಠದಲ್ಲಿ ಭೂತನ್ಯೂನವನ್ನು ಕಲಿಸುವ ಅಧ್ಯಾಪಕರಿಗೆ ಇದಕ್ಕಿಂತ ಜೀವಂತ ಉದಾಹರಣೆ ಬೇಕಿಲ್ಲ.

ಲಕ್ವ, ಪಾರ್ಶ್ವವಾಯು, ಸ್ಟ್ರೋಕ್

ಪದದ ಆಯ್ಕೆ ಪ್ರಾಣದ ಪ್ರಶ್ನೆಯಾಗುವ ಸಂದರ್ಭವೊಂದಿದೆ. ಮಿದುಳಿಗೆ ಹೋಗುವ ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಮುಖ ಓರೆಯಾಗುತ್ತದೆ, ಒಂದು ಪಕ್ಕದ ಕೈಕಾಲು ಬೀಳುತ್ತದೆ, ಮಾತು ನಿಲ್ಲುತ್ತದೆ. ದೊಡ್ಡ ರಕ್ತನಾಳ ಕಟ್ಟಿಕೊಂಡಾಗ ಚಿಕಿತ್ಸೆಯಿಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು ಅಮೆರಿಕದ ನರವೈದ್ಯ ಜೆಫ್ರಿ ಸೇವರ್ 2006ರಲ್ಲಿ ಅಂದಾಜು ಮಾಡಿದರು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೊಡುವ ಮೊದಲು ಸ್ಕ್ಯಾನ್ ಮಾಡಿ ಒಳಗೆ ರಕ್ತಸ್ರಾವವಾಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ರಕ್ತಸ್ರಾವವಾಗಿದ್ದರೆ ಅದೇ ಮದ್ದು ಕೇಡು ಮಾಡುತ್ತದೆ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ಪಾವಗಡದಂಥ ಗಡಿ ತಾಲ್ಲೂಕಿನಿಂದ ದಾರಿ ಇನ್ನೂ ದೂರ. ಅಂದರೆ ಮನೆಯವರು ಇದೇನೆಂದು ಗುರುತಿಸಲು ತೆಗೆದುಕೊಳ್ಳುವ ಹೊತ್ತೂ ಲೆಕ್ಕಕ್ಕೆ ಬರುತ್ತದೆ.

ಇದಕ್ಕೆ ಕನ್ನಡದಲ್ಲಿ ರೂಢಿಯಾಗಿರುವ ಹೆಸರುಗಳು ಎರಡು. 'ಲಕ್ವ' ಅರಬ್ಬಿ ಮೂಲದ ಪದ. ಯುನಾನಿ ವೈದ್ಯದಲ್ಲಿ ಅದು ಮುಖದ ಒಂದು ಪಕ್ಕ ಬೀಳುವುದಕ್ಕೆ ಸಲ್ಲುತ್ತಿತ್ತು, ಕನ್ನಡದಲ್ಲಿ ಇಡೀ ಪಕ್ಕಕ್ಕೆ ಹಬ್ಬಿತು. 'ಪಾರ್ಶ್ವವಾಯು' ಸಂಸ್ಕೃತದ್ದು, ಪಕ್ಕಕ್ಕೆ ಹೊಕ್ಕ ವಾಯು ಎಂಬುದು ಅದರ ಅರ್ಥ. ಈ ಎರಡರಲ್ಲಿ ಯಾವುದೂ ಮಿದುಳಿನ ಹೆಸರೆತ್ತುವುದಿಲ್ಲ. ಪದ ತೋರಿಸುವುದು ಮುಖವನ್ನು, ಪಕ್ಕವನ್ನು, ಗಾಳಿಯನ್ನು. ಕೈಕಾಲಿಗೆ ಬಂದ ಗಾಳಿಗೆ ಎಣ್ಣೆ ತಿಕ್ಕುವುದು, ಶಾಖ ಕೊಡುವುದು, ಬೆಳಗಾಗಲೆಂದು ಕಾಯುವುದು ಜನರ ಅಜ್ಞಾನವಲ್ಲ. ಪದವೇ ಕೊಟ್ಟ ಸಲಹೆ ಅದು. ಕಿರುವಿಡಿಯೊವೊಂದು ಚಿತ್ರದಲ್ಲಿ ಮಿದುಳನ್ನು ತೋರಿಸುತ್ತ ಬಾಯಲ್ಲಿ 'ಪಾರ್ಶ್ವವಾಯು' ಎಂದರೆ ಚಿತ್ರ ಒಂದು ಕಡೆಗೂ ಪದ ಇನ್ನೊಂದು ಕಡೆಗೂ ಎಳೆಯುತ್ತವೆ. 'ಸ್ಟ್ರೋಕ್' ಎಂದರೂ ಪೂರ್ತಿ ಬಗೆಹರಿಯುವುದಿಲ್ಲ, ಅದನ್ನು ಹೃದಯದ 'ಅಟ್ಯಾಕ್' ಜೊತೆ ಕಲಸಿಕೊಳ್ಳುವವರು ಬಹಳ ಮಂದಿ.

ಪತ್ರಿಕೆಗಳಿಂದಾಗಿ 'ಹೃದಯಾಘಾತ' ಮನೆಮಾತಾಗಿದೆ. ಆ ಪದ ಕೇಳಿದವರು ಎಣ್ಣೆ ಹುಡುಕುವುದಿಲ್ಲ, ವಾಹನ ಹುಡುಕುತ್ತಾರೆ. ಅದರ ಜಾಡಿನಲ್ಲಿಯೇ 'ಮಿದುಳಾಘಾತ' ಎಂದು ಹೇಳಬಹುದು. ಕನ್ನಡ ಸಂಸ್ಕೃತಗಳ ಕೂಡಿಕೆಯಾದ ಇದು ಅರಿಸಮಾಸವೆಂಬ ಆಕ್ಷೇಪ ಬರಬಹುದು. ಕೇಶಿರಾಜನು ಬಿರುದಾವಳಿಗಳಿಗೆ ಕೊಟ್ಟ ವಿನಾಯಿತಿಯನ್ನು ರೋಗಿಗಳಿಗೂ ವಿಸ್ತರಿಸುವುದರಲ್ಲಿ ದೋಷವೇನೂ ಕಾಣುವುದಿಲ್ಲ. ಶುದ್ಧವಾದ 'ಮಸ್ತಿಷ್ಕಾಘಾತ'ವನ್ನು ತಂದರೆ ಸಮಾಸ ಉಳಿದೀತು, ಅರ್ಥ ಉಳಿಯದು. ರೂಢಿಯ ಪದವನ್ನು ಬಿಟ್ಟೇಬಿಡುವುದೂ ಸಾಧ್ಯವಿಲ್ಲ. ಆದ್ದರಿಂದ ವಿಡಿಯೊದ ಮೊದಲ ವಾಕ್ಯವೇ "ಲಕ್ವ ಹೊಡೆಯುವುದು ಕೈಕಾಲಿಗಲ್ಲ, ಮಿದುಳಿಗೆ" ಎಂದಿರಬೇಕು. 'ಹೊಡೆಯುವುದು' ಎಂಬ ಜನರ ಕ್ರಿಯಾಪದದಲ್ಲಿ ಇಂಗ್ಲಿಷ್ ಪದದ ಮೂಲಾರ್ಥವೂ ಸೇರಿಕೊಂಡಿರುವುದು ಅನುಕೂಲವೇ ಆಯಿತು.

ಲಕ್ಷಣಗಳನ್ನು ನೆನಪಿಡಲು ಇಂಗ್ಲಿಷಿನಲ್ಲಿ 'ಫಾಸ್ಟ್' ಎಂಬ ಸೂತ್ರವಿದೆ. ಮುಖ, ತೋಳು, ಮಾತು, ಹೊತ್ತು ಎಂಬರ್ಥದ ನಾಲ್ಕು ಪದಗಳ ಮೊದಲ ಅಕ್ಷರಗಳನ್ನು ಕೂಡಿಸಿದ್ದು ಅದು. ಕನ್ನಡ ವಿಡಿಯೊಗಳಲ್ಲಿ ಆ ಅಕ್ಷರಗಳನ್ನೇ ಪರದೆಯ ಮೇಲೆ ತೋರಿಸಿ ಕನ್ನಡದಲ್ಲಿ ವಿವರಿಸುವುದುಂಟು. ಫಾಸ್ಟ್ ಎಂದರೆ ಬೇಗ ಎಂಬಷ್ಟು ಎಲ್ಲರಿಗೂ ತಿಳಿದೀತು. ಯಾವ ಅಕ್ಷರಕ್ಕೆ ಯಾವ ಲಕ್ಷಣ ಎಂಬುದು ಇಂಗ್ಲಿಷ್ ಬಲ್ಲವರಿಗೆ ಮಾತ್ರ ನೆನಪಿದ್ದೀತು. ಮೊದಲಕ್ಷರಗಳನ್ನು ಕೂಡಿಸಿ ನೆನಪಿಡುವುದು ಕನ್ನಡದ ಅಭ್ಯಾಸವಲ್ಲ. ನಮ್ಮದು ಪ್ರಾಸದ ನೆನಪು. "ಮೋರೆ ಓರೆ, ತೋಳು ಬೀಳು, ಮಾತು ತಡೆ, ಹೊತ್ತು ನೋಡು" ಎಂಬಂಥದೊಂದನ್ನು ಕಟ್ಟಿದರೆ ಅಕ್ಷರ ಬಾರದ ಅಜ್ಜಿಯೂ ಹೇಳಿಯಾಳು. 'ಹೊತ್ತು ನೋಡು' ಎಂಬುದು ಪ್ರಾಸಕ್ಕಾಗಿ ಬಂದದ್ದಲ್ಲ. ರೋಗಿ ಕೊನೆಯದಾಗಿ ಸರಿಯಾಗಿ ಇದ್ದದ್ದು ಎಷ್ಟು ಹೊತ್ತಿಗೆ ಎಂಬುದು ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು. ಅದಕ್ಕೆ ಉತ್ತರವಿಲ್ಲದಿದ್ದರೆ ಮದ್ದು ಕೊಡುವ ನಿರ್ಧಾರವೇ ಕಷ್ಟವಾಗುತ್ತದೆ. 108ಕ್ಕೆ ಕರೆಮಾಡಿ ಎಂಬ ಮಾತು ಇದರ ಬೆನ್ನಿಗೇ ಬರಬೇಕು.

ಊರಿನ ನೀರು

ಅನುವಾದದ ವಿಡಿಯೊಗಳಲ್ಲಿ ಭಾಷೆಗಿಂತ ಆಳದ ಇನ್ನೊಂದು ಕೊರತೆಯಿದೆ. ಹಲ್ಲಿನ ಆರೋಗ್ಯವನ್ನು ಕುರಿತ ಪಾಠಗಳು ಎಲ್ಲ ದೇಶಗಳಲ್ಲಿಯೂ ಸುಮಾರಾಗಿ ಒಂದೇ: ದಿನಕ್ಕೆರಡು ಸಲ ಉಜ್ಜಿದರೆ ಹಲ್ಲು ಬೆಳ್ಳಗಿರುತ್ತದೆ, ಉಜ್ಜದಿದ್ದರೆ ಕಲೆಯಾಗುತ್ತದೆ. ಪಾವಗಡ ಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂಬುದು ಬಹುಕಾಲದಿಂದ ತಿಳಿದ ಸಂಗತಿ. ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದ ನೀರನ್ನು ಎಳೆಯ ವಯಸ್ಸಿನಲ್ಲಿ ಕುಡಿದ ಮಗುವಿನ ಹಲ್ಲು, ಒಸಡಿನೊಳಗೆ ರೂಪುಗೊಳ್ಳುವಾಗಲೇ ಕೆಟ್ಟು, ಮುಂದೆ ಕಂದುಗಟ್ಟಬಹುದು. ಆ ಕಲೆ ಉಜ್ಜಿದರೆ ಹೋಗುವುದಲ್ಲ. ಅಂಥ ಊರಿನ ತರಗತಿಯಲ್ಲಿ ಈ ವಿಡಿಯೊವನ್ನು ತೋರಿಸಿದರೆ ಮಗು ಕಲಿಯುವುದು ದಂತವಿಜ್ಞಾನವನ್ನಲ್ಲ. ತಾನು ಕೊಳಕು ಎಂಬುದನ್ನು. ಕನ್ನಡ ಎಷ್ಟೇ ತಿಳಿಯಾಗಿದ್ದರೂ ಈ ತಪ್ಪನ್ನು ಅದು ತಿದ್ದಲಾರದು. "ನಿಮ್ಮೂರಿನ ನೀರಿನಿಂದಲೂ ಹೀಗಾಗುತ್ತದೆ" ಎಂಬ ಒಂದು ವಾಕ್ಯವನ್ನು ಸೇರಿಸಲು ಬರೆಯುವವನಿಗೆ ಪಾವಗಡ ಎಲ್ಲಿದೆ ಎಂದು ತಿಳಿದಿರಬೇಕು.